ಬೆಳ್ಳಿ ರಾಣಿಯ ಪೀಠದಲ್ಲಿ ಕೆಂಪು ಪುಡಿ

“ನಾಣ್ಯ ಬದಲಾಗಿಲ್ಲ,” ಎಂದಳು ಲಿಜ್ಜಿ, ಬಲಗಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ.

ಕೊಲ್ಲಿ ನಾಡಿನ ಮಿರ್ಕಾಬಿನ ಆ ಏಳನೇ ಮಹಡಿಯ ಕಚೇರಿಯಲ್ಲಿ ಅವಳ ಎದುರು ಐದು ಜನ ಕುಳಿತಿದ್ದರು. ಅವರಲ್ಲಿ ಮೂವರು ತಟ್ಟನೆ ತಲೆ ಎತ್ತಿದರು. ತಲೆ ಎತ್ತದವರಲ್ಲಿ ಒಬ್ಬ ಅವಳ ಗಂಡ ರೋಕ್. ಅವನ ಗಮನವೆಲ್ಲ ತೊಡೆಯ ಮೇಲಿದ್ದ ಕೋಡುಬಳೆ ಡಬ್ಬಿಯಲ್ಲಿತ್ತು. ಇನ್ನೊಬ್ಬರು ಆ ಕೋಡುಬಳೆ ಮಾಡಿ ತಂದ ಅನಸೂಯಮ್ಮ. ಮಾತು ನಡೆಯುತ್ತಿದ್ದುದು ಹಿಂದಿಯಲ್ಲಿ. ಮೈಸೂರಿನಿಂದ ಮಗನ ಮನೆಗೆ ಬಂದು ಎರಡು ತಿಂಗಳಾಗಿದ್ದ ಆ ಹಿರಿಯರಿಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬರುತ್ತಿರಲಿಲ್ಲ.

ಬದಲಾಗಿಲ್ಲ ಅಂದರೆ ಏನರ್ಥ ಎಂದು ನಾಣ್ಯದ ಮಾಲೀಕ ಅಬು ಬದರ್ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅವರ ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ, ಅದರ ಹನ್ನೆರಡು ಗುಳಿಗಳಲ್ಲಿ ಹನ್ನೆರಡು ರೋಮನ್ ಬೆಳ್ಳಿ ನಾಣ್ಯಗಳು. ಹನ್ನೊಂದು ಹಳೆಯ ಬಾಣಲೆಯ ತಳದಂತೆ ಕಪ್ಪಗಿದ್ದವು. ಹನ್ನೆರಡನೆಯದು ಥಳಥಳ ಹೊಳೆಯುತ್ತಿತ್ತು. ಎರಡು ಸಾವಿರ ವರ್ಷದ ಬೆಳ್ಳಿಗೆ ಅಂಥ ಹೊಳಪು ಎಲ್ಲಿಂದ ಬರಬೇಕು? ಶ್ಯಾಮಸುಂದರನ ಮನೆಯಲ್ಲಿ ಮೂರು ವಾರ ಇದ್ದು ಬಂದ ಪೆಟ್ಟಿಗೆಯನ್ನು ಸೋಮವಾರ ತೆರೆದ ಅಬು ಬದರ್, ಅಸಲಿ ಹೋಗಿ ನಕಲಿ ಬಂದಿದೆ ಎಂದು ನಿಂತಲ್ಲೇ ತೀರ್ಪು ಕೊಟ್ಟಿದ್ದರು.

ಶ್ಯಾಮಸುಂದರ ಅವರ ಕಂಪನಿಯಲ್ಲಿ ಇಂಜಿನಿಯರ್. ಅನಸೂಯಮ್ಮನ ಒಬ್ಬನೇ ಮಗ. ಹಳೆಯ ನಾಣ್ಯವೆಂದರೆ ಅವನಿಗೆ ಊಟ ನಿದ್ದೆ ಬೇಡ. ಅದು ಗೊತ್ತಿದ್ದೇ, ಮುಂದಿನ ತಿಂಗಳ ಪ್ರದರ್ಶನಕ್ಕೆ ಫೋಟೋ ತೆಗೆದು ವಿವರ ಬರೆಯಲು ಅಬು ಬದರ್ ಪೆಟ್ಟಿಗೆಯನ್ನು ಅವನ ಕೈಗೆ ಒಪ್ಪಿಸಿದ್ದರು. ಈಗ ಸಂಜೆಯ ಮಗ್ರಿಬ್ ಬಾಂಗ್ ಕೂಗುವುದರೊಳಗೆ ಉತ್ತರ ಸಿಗದಿದ್ದರೆ ದೂರು ಪೊಲೀಸ್ ಠಾಣೆಗೆ ಹೋಗುವುದಿತ್ತು. ದೂರು ಹೋದರೆ ಕೆಲಸ ಖಲಾಸ್, ಇಲ್ಲಿರಲು ಕೊಟ್ಟ ಇಕಾಮಾ ಪರವಾನಗಿಯೂ ಖಲಾಸ್. ಕೇಸು ಮುಗಿಯುವ ತನಕ ದೇಶ ಬಿಡುವ ಹಾಗೂ ಇಲ್ಲ. ಮಗಳು ನಿಧಿ ಈ ವರ್ಷ ಹನ್ನೆರಡನೇ ತರಗತಿ. ಎರಡೇ ದಿನದಲ್ಲಿ ಶ್ಯಾಮಸುಂದರನ ಮುಖ ಬಾಡಿ ಅರ್ಧವಾಗಿತ್ತು.

ಲಿಜ್ಜಿಗೆ ಅವನ ಬಗ್ಗೆ ಅಯ್ಯೋ ಅನಿಸುತ್ತಿದ್ದುದು ನಿಜ. ಆದರೆ ಒಳಗೊಳಗೆ ಅವಳು ಖುಷಿಯಾಗಿದ್ದಳೆಂಬುದೂ ಅಷ್ಟೇ ನಿಜ. ಉದ್ಯಾವರದಿಂದ ಬಂದು ಸಾಲ್ಮಿಯಾದಲ್ಲಿ ಹಲ್ಲಿನ ಲ್ಯಾಬ್ ನಡೆಸುವ ಅವಳಿಗೆ ಕಸುಬು ಲೋಹದ ಹಲ್ಲುಗಳ ಎರಕ ಹೊಯ್ಯುವುದು, ಚಟ ಊರವರ ಗೋಜಲು ಬಿಡಿಸುವುದು. ಎರಡೂ ಒಂದೇ ಜಾತಿಯ ಕೆಲಸ ಎಂದು ಅವಳ ವಾದ. ಎಲ್ಲಿ ಸರಿಯಾಗಿ ಕೂರುವುದಿಲ್ಲವೋ ಅಲ್ಲಿ ಉಜ್ಜಬೇಕು, ಅಷ್ಟೇ.

ಅವಳು ಅಬು ಬದರ್ ಅವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಅವರ ತಂದೆ ತೆಗೆಸಿದ್ದ ಒಂದು ಹಳೆಯ ಫೋಟೋ, ಚೌಕಟ್ಟು ಹಾಕಿ ತೂಗುಹಾಕಿದ್ದು. ಇದೇ ನಾಣ್ಯದ ಎರಡು ಮುಖಗಳು, ಊಟದ ತಟ್ಟೆಯಷ್ಟು ದೊಡ್ಡದಾಗಿ. ಎಣ್ಣೆಗಿಂತ ಮುಂಚಿನ ಕಾಲದಲ್ಲಿ ಆ ತಂದೆ ಹಾಯಿಹಡಗಿನಲ್ಲಿ ಖರ್ಜೂರ ಹೇರಿಕೊಂಡು ಮಂಗಳೂರು, ಕಲ್ಲಿಕೋಟೆಗೆ ಹೋಗಿ ಬರುತ್ತಿದ್ದರು. ಮಲಬಾರಿನ ವ್ಯಾಪಾರಿಯೊಬ್ಬ ಮಣ್ಣಿನ ಕುಡಿಕೆಯ ಸಮೇತ ಕೊಟ್ಟ ನಾಣ್ಯಗಳಿವು. ಅಬು ಬದರ್ ಅವರ ಹಿಂದಿಯೂ ಆ ಹಡಗಿನದ್ದೇ, ತಂದೆಯ ಬೊಂಬಾಯಿ ಅಂಗಡಿಯಲ್ಲಿ ಕಲಿತದ್ದು.

ನಾಣ್ಯದ ಮೇಲಿನ ರಾಜನ ಕುತ್ತಿಗೆಯ ಕೆಳಗೆ ಅಂಚಿನಲ್ಲಿ ಒಂದು ಬಿರುಕಿತ್ತು, ಉಗುರಿನಷ್ಟು. ಫೋಟೋದಲ್ಲೂ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ. ಹಿಂಭಾಗದ ಕೊನೆಯ ಅಕ್ಷರ ಅರ್ಧ ಅಂಚಿನಿಂದಾಚೆ ಜಾರಿತ್ತು. ಫೋಟೋದಲ್ಲೂ ಅಷ್ಟೇ ಅರ್ಧ.

“ಇದು ನಕಲಿಯಾದರೆ ಬಿರುಕನ್ನೂ ನಕಲು ಮಾಡಿರಬೇಕು ಅಂತೀರಿ. ಮಾಡಬಹುದು,” ಎಂದಳು ಲಿಜ್ಜಿ. “ಆದರೆ ಒಳಗೆ ನೋಡಿ. ಬೆಳ್ಳಿ ಎಳೆಎಳೆಯಾಗಿ ಹರಿದಿದೆ. ಸುತ್ತಿಗೆ ಪೆಟ್ಟಿಗೆ ಹರಿದದ್ದು ಅದು. ಕರಗಿಸಿ ಹೊಯ್ದ ಲೋಹ ಹಾಗೆ ಹರಿಯುವುದಿಲ್ಲ. ನಾನು ದಿನವೂ ಹೊಯ್ಯುವವಳು.”

ಅಬು ಬದರ್ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಬಿರುಕನ್ನು ಸವರಿದರು. ಚಿಕ್ಕಂದಿನಿಂದ ಕೈಯಾಡಿಸಿದ ನಾಣ್ಯವದು. ಪೆಟ್ಟಿಗೆ ತೆರೆದರೆ ಅವರು ಕೈಗೆತ್ತಿಕೊಳ್ಳುತ್ತಿದ್ದುದು ಇದೊಂದನ್ನೇ. ಉಳಿದವನ್ನು ಸುಮ್ಮನೆ ನೋಡಿ ಮುಚ್ಚುತ್ತಿದ್ದರು. ಕಣ್ಣು ಮೋಸಹೋಗಿದ್ದರೂ ಬೆರಳು ಗುರುತು ಹಿಡಿಯಿತು. ಅದೇ ಎಂದು ಒಪ್ಪಿಕೊಂಡರು.

ಶ್ಯಾಮಸುಂದರ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ.

ಹಾಗಂತ ಅವನು ಪಾರಾದ ಹಾಗಾಗಲಿಲ್ಲ. ಹಾಗಾದರೆ ತೊಳೆದವರು ಯಾರು ಎಂಬುದು ಅಬು ಬದರ್ ಅವರ ಮರುಪ್ರಶ್ನೆ. ಹಳೆಯ ಬೆಳ್ಳಿಯ ಮೇಲಿನ ಕಪ್ಪನ್ನು ಉಜ್ಜಿ ತೆಗೆಯುವುದೆಂದರೆ ನಾಣ್ಯ ಕೂಡಿಡುವವರ ಪಾಲಿಗೆ ಮಹಾಪಾಪ. ಬೀಗ ಹಾಕಿದ ಬೀರುವಿನೊಳಗಿಂದ ತೆಗೆದು, ಮಾಲೀಕನನ್ನು ಕೇಳದೆ ಆ ಪಾಪ ಮಾಡಿದವನ ಕೈ ಇನ್ನೇನು ಮಾಡಿರಬಹುದು? ಅವರ ಧ್ವನಿ ಮೆತ್ತಗಾಗಿತ್ತು, ಸಂಶಯ ಮಾತ್ರ ಹಾಗೇ ಇತ್ತು.

“ನೀವೆಲ್ಲ ರಾಜನ ಮುಖ ನೋಡಿದ್ದೇ ನೋಡಿದ್ದು,” ಎಂದು ಲಿಜ್ಜಿ ನಾಣ್ಯವನ್ನು ಮಗುಚಿ ಹಾಕಿದಳು.

ರೋಕ್ ಬಾಯಿಯೊಳಗಿನದ್ದನ್ನು ನುಂಗಿ ಮಧ್ಯೆ ಬಂದ. “ಇದು ಯೇಸುಸ್ವಾಮಿ ತರಿಸಿ ನೋಡಿದ ನಾಣ್ಯ ಅಂತ ಫಾದರ್ ಒಮ್ಮೆ ಶರ್ಮಾಂವಿನ ಪ್ರವಚನದಲ್ಲಿ ಹೇಳಿದ್ರು ಮಾರಾಯ್ರೆ. ‘ಇದರಲ್ಲಿ ಯಾರ ಮುಖ ಉಂಟು’ ಅಂತ ಕೇಳಿದ್ದಲ್ವಾ. ಹಿಂದೆ ಒಂದು ಹೆಂಗಸು ಉಂಟು ಅಂತ ಅವರೂ ಹೇಳ್ಲಿಲ್ಲ.”

ಇದ್ದಳು. ಬೆನ್ನು ನೆಟ್ಟಗಿಟ್ಟು ಪೀಠದಲ್ಲಿ ಕುಳಿತ ಹೆಂಗಸು. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಎಲೆಗಳಿದ್ದ ರೆಂಬೆ. ಸೀರೆಯಂತೆ ಕಾಲಿನ ತನಕ ಇಳಿದ ನೆರಿಗೆ. ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಅಮ್ಮನನ್ನೇ ಶಾಂತಿದೇವತೆಯ ರೂಪದಲ್ಲಿ ಕೂರಿಸಿದ್ದಾರೆಂದು ಹೇಳುವವರುಂಟು ಎಂದು ಶ್ಯಾಮಸುಂದರ ಎರಡು ದಿನದ ಸಂಕಟದ ನಡುವೆಯೂ ವಿವರಣೆ ಕೊಟ್ಟ. ಹುಚ್ಚು ಎಂದರೆ ಹಾಗೆ, ನೇಣಿಗೆ ನಿಂತಾಗಲೂ ಬಿಡುವುದಿಲ್ಲ.

ಲಿಜ್ಜಿಯ ಕಣ್ಣು ಆ ಅಮ್ಮನ ಪೀಠದ ಕಾಲುಗಳ ಸಂದಿಯಲ್ಲಿ ನಿಂತಿತು. ಅಲ್ಲಿ ಕೆಂಪು ಪುಡಿ. ಚಿಟಿಕೆಯಷ್ಟೂ ಇಲ್ಲ, ಬರಿಗಣ್ಣಿಗೆ ಕಂಡೂ ಕಾಣದಷ್ಟು. ಅವಳು ಭೂತಗನ್ನಡಿಯನ್ನು ಎಲ್ಲರಿಗೂ ಸರದಿಯಲ್ಲಿ ಕೊಟ್ಟಳು.

ಶ್ಯಾಮಸುಂದರ ನೋಡಿದವನೇ ಮೇಲೆದ್ದ. “ಇದು ಪಾಲಿಶ್ ಪುಡಿ. ಒಡವೆಗೆ ಕೊನೇಲಿ ಹಚ್ಚಿ ಹೊಳಪು ಕೊಡ್ತಾರಲ್ಲ, ಅದೇ ಕೆಂಪು,” ಎಂದವನು ಮೂಲೆಯ ಕುರ್ಚಿಯ ಕಡೆ ತಿರುಗಿದ. “ರೋಹಿದಾಸ್, ನೀವೇ ಅಲ್ವಾ?”

ರೋಹಿದಾಸ ಮುಬಾರಕಿಯಾ ಮಾರುಕಟ್ಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದ ಕುಮಟಾದ ಅಕ್ಕಸಾಲಿಗ. ಪ್ರದರ್ಶನದಲ್ಲಿ ನಾಣ್ಯಗಳನ್ನು ನಿಲ್ಲಿಸಲು ಬೆಳ್ಳಿಯ ಹಿಡಿಕೆಗಳನ್ನು ಮಾಡಲೆಂದು ಶ್ಯಾಮಸುಂದರನೇ ಅವನನ್ನು ಮನೆಗೆ ಕರೆಸಿ ಅಳತೆ ಕೊಟ್ಟಿದ್ದ. ಪೆಟ್ಟಿಗೆಯ ಎದುರು ಒಂದು ಮಧ್ಯಾಹ್ನವಿಡೀ ಕೂತವನು ಅವನೊಬ್ಬನೇ. ಆ ಕಾರಣಕ್ಕೇ ಇಂದು ಅವನನ್ನೂ ಇಲ್ಲಿಗೆ ಕರೆಸಲಾಗಿತ್ತು.

ಈಗ ಎದ್ದು ನಿಂತ. ಅವಮಾನದಿಂದ ಅವನ ಕಿವಿ ಕೆಂಪಗಾಗಿತ್ತು.

“ಶ್ಯಾಮಣ್ಣ, ಅವತ್ತು ನಿಮ್ಮನೇಲಿ ಊಟ ಮಾಡ್ಕಂಡು ಬಂದೋನು ನಾನು. ಹಳೇ ಬೆಳ್ಳಿ ಕಪ್ಪು ತೆಗೂಕಾಗ ಅಂತ ನನ್ನ ಮಗನಿಗೂ ಗೊತ್ತು. ನಿಮ್ಮ ತಲೆ ಉಳಿಸ್ಕಳೂಕೆ ನನ್ನ ತಲೆ ಕೊಡ್ತ್ರಾ?”

ಅಬು ಬದರ್ ಏನು ವಿಷಯ ಎಂದು ಹಿಂದಿಯಲ್ಲಿ ವಿಚಾರಿಸಿದರು. ಶ್ಯಾಮಸುಂದರ ತನ್ನ ಅನುಮಾನವನ್ನು ಅವರಿಗೆ ಹೇಳಿಯೇಬಿಟ್ಟ. ಹೇಳುವಾಗ ರೋಹಿದಾಸನ ಮುಖ ನೋಡಲಿಲ್ಲ. ಅಬು ಬದರ್ ಅವರ ಕೈ ಫೋನಿನ ಕಡೆ ಹೋಯಿತು.

ಲಿಜ್ಜಿಗೆ ರೇಗಿತು. ಹೆದರಿದ ಮನುಷ್ಯ ಪಕ್ಕದವನನ್ನು ಮುಂದಕ್ಕೆ ನೂಕುವುದನ್ನು ಅವಳು ಬೇಕಾದಷ್ಟು ಕಂಡಿದ್ದಳು, ಆದರೂ ಶ್ಯಾಮಸುಂದರನಂಥ ಸಭ್ಯನಿಂದ ನಿರೀಕ್ಷಿಸಿರಲಿಲ್ಲ. ಒಂದು ನಿಮಿಷ ತಾಳಿ ಎಂದು ಅಬು ಬದರ್ ಅವರನ್ನು ತಡೆದಳು. ಹಲ್ಲುಕಡ್ಡಿಯ ತುದಿಯಿಂದ ಪೀಠದ ಸಂದಿಯ ಪುಡಿಯನ್ನು ಎಬ್ಬಿಸಿ ಒಂದು ಬಿಳಿ ಟಿಶ್ಯೂ ಕಾಗದದ ಮೇಲೆ ಉದುರಿಸಿದಳು. ಆಮೇಲೆ, ಎಲ್ಲರಿಗೂ ಕೊಟ್ಟಿದ್ದ ಕಪ್ಪು ಚಹಾದ ಜೊತೆ ತಟ್ಟೆಯಲ್ಲಿಟ್ಟಿದ್ದ ನಿಂಬೆ ಹೋಳನ್ನು ಎತ್ತಿಕೊಂಡು ಪುಡಿಯ ಮೇಲೆ ಒಂದು ಹನಿ ಹಿಂಡಿದಳು.

ಎಲ್ಲರೂ ಬಗ್ಗಿ ನೋಡಿದರು. ರೋಕ್ ಕೂಡ ಡಬ್ಬಿ ಬದಿಗಿಟ್ಟು ಬಂದ. ಕೆಂಪು ಮೆಲ್ಲಗೆ ಕರಗಿತು. ಕರಗಿದ ಜಾಗದಲ್ಲಿ ಹಳದಿ ಹರಡಿತು.

“ಅಕ್ಕಸಾಲಿಗರ ಕೆಂಪು ನನ್ನ ಲ್ಯಾಬಿನಲ್ಲೂ ಉಂಟು. ಅದು ಕಬ್ಬಿಣದ ತುಕ್ಕು. ಅದಕ್ಕೆ ಇಡೀ ತೋಟದ ನಿಂಬೆ ಹಿಂಡಿದ್ರೂ ಬಣ್ಣ ಬಿಡುದಿಲ್ಲ,” ಎಂದಳು ಲಿಜ್ಜಿ, ಶ್ಯಾಮಸುಂದರನನ್ನೇ ನೋಡುತ್ತ. “ಇದು ಅರಶಿನ. ಸುಣ್ಣ ಸೇರಿಸಿದ ಅರಶಿನ. ನಿಮ್ಮಲ್ಲಿ ಅದಕ್ಕೆ ಎಂತ ಹೇಳ್ತಾರೆ, ಶ್ಯಾಮ್?”

“ಕುಂಕುಮ,” ಎಂದ ಶ್ಯಾಮಸುಂದರ. ಹೇಳಿದ ಮೇಲೆ ಅವನ ಬಾಯಿ ಹಾಗೇ ತೆರೆದಿತ್ತು.

ಶುಕ್ರವಾರದ ವರಮಹಾಲಕ್ಷ್ಮಿ ವ್ರತದ ಕೋಸಂಬರಿ ಲಿಜ್ಜಿಯ ಮನೆಗೂ ಬಂದಿತ್ತು. ಶ್ಯಾಮಸುಂದರನ ಮನೆ ಅದೇ ಕಟ್ಟಡದಲ್ಲಿ ಎರಡು ಮಹಡಿ ಮೇಲೆ. ಅವಳಿಗೆ ತನ್ನ ಮೇಲೆಯೇ ನಗು ಬಂತು. ಎರಡು ದಿನದಿಂದ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಅರಬಿಯಲ್ಲಿ ವಿಚಾರಣೆಯೋ ವಿಚಾರಣೆ. ಮನೆಯ ಹಿರಿಯರಿಗೆ ಸುಮ್ಮನೆ ಚಿಂತೆ ಯಾಕೆಂದು ಆಫೀಸಿನಲ್ಲಿ ಏನೋ ತಾಪತ್ರಯ ಎಂದಷ್ಟೇ ಮಗ ಹೇಳಿದ್ದ. ದೊಡ್ಡ ಸಾಹೇಬರಿಗೆ ತಾನೇ ಒಂದು ಮಾತು ಹೇಳುತ್ತೇನೆಂದು ಕೋಡುಬಳೆ ಕಟ್ಟಿಕೊಂಡು ಹಠ ಹಿಡಿದು ಬಂದವರನ್ನು ಸೋಫಾದಲ್ಲಿ ಕೂರಿಸಿದ್ದರು. ನಾಣ್ಯದ ಬಗ್ಗೆ ಅವರನ್ನು ಕನ್ನಡದಲ್ಲಿ ಕೇಳಿದವರು ಯಾರೂ ಇರಲಿಲ್ಲ.

ಲಿಜ್ಜಿ ಹೋಗಿ ಅವರ ಪಕ್ಕದಲ್ಲಿ ಕೂತಳು.

“ಅಮ್ಮ, ವ್ರತದ ದಿನ ಕಲಶಕ್ಕೆ ಬೆಳ್ಳಿ ನಾಣ್ಯ ಹಾಕ್ತೀರಲ್ಲ. ಈ ಸಲ ಯಾವುದು ಹಾಕಿದ್ರಿ?”

“ಅದೇ ಕಣಮ್ಮ, ಶ್ಯಾಮು ಪೆಟ್ಟಿಗೇಲಿ ಇತ್ತಲ್ಲ, ಅದು,” ಎಂದರು ಅನಸೂಯಮ್ಮ. ಕೇಳಿದ್ದಕ್ಕೆ ಅವರಿಗೆ ಸಂತೋಷವೇ ಆದಂತಿತ್ತು.

ಮನೆಯ ಲಕ್ಷ್ಮಿ ನಾಣ್ಯ ಮೈಸೂರಿನಲ್ಲೇ ಮರೆತುಹೋಗಿತ್ತಂತೆ. ವ್ರತದ ದಿನ ಬೆಳಿಗ್ಗೆ ಬೆಳ್ಳಿ ಪಾತ್ರೆ ತೆಗೆಯಲು ಬೀರು ತೆರೆದರೆ, ಪಾತ್ರೆಗಳ ಪಕ್ಕದಲ್ಲೇ ಮಗನ ಪೆಟ್ಟಿಗೆ. ಮುಚ್ಚಳ ಎತ್ತಿ ನೋಡಿದರೆ ಸಾಕ್ಷಾತ್ ಅಮ್ಮನವರು. ಇದಕ್ಕಿಂತ ಶುಭಸೂಚನೆ ಇನ್ನೇನು ಬೇಕು ಎಂದು ಅವರು ಲಿಜ್ಜಿಯನ್ನೇ ಕೇಳಿದರು.

“ಕೂತಿರೋ ಲಕ್ಷ್ಮೀನೇ ಅಲ್ವೇ ಅದು? ಕೈಲಿ ಹೂವಿನ ಕೊಂಬೆ ಬೇರೆ. ಯಾವ ದೇಶದೋರು ಮಾಡಿದ್ರೇನು, ಲಕ್ಷ್ಮಿ ಲಕ್ಷ್ಮೀನೇ. ಕರೀ ಹಿಡಿದುಹೋಗಿತ್ತು ಪಾಪ. ಹಾಗೇ ಇಡೋಕಾಗತ್ತಾ? ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದೆ ನೋಡು, ಏನು ಕಳೆ ಬಂತು ಅಂತೀಯಾ.”

ಶ್ಯಾಮಸುಂದರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮೊದಲು ನಕ್ಕವನು ರೋಹಿದಾಸ. ಅವನ ನಗು ರೋಕ್‌ಗೆ ಹತ್ತಿತು. ಕೊನೆಗೆ ಲಿಜ್ಜಿ ನಗು ತಡೆದು ತಡೆದು ಅಬು ಬದರ್ ಅವರಿಗೆ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ವ್ರತವೆಂದರೇನು, ಕಲಶವೆಂದರೇನು, ಹುಣಸೆಹಣ್ಣಿಗೆ ಬೆಳ್ಳಿಯ ಜೊತೆ ಏನು ನಂಟು, ಒಂದನ್ನೂ ಬಿಡಲಿಲ್ಲ.

ಅಬು ಬದರ್ ಕೇಳುತ್ತ ಕೇಳುತ್ತ ಗಡ್ಡ ನೀವಿದರು. ಆಮೇಲೆ ಅವರ ಹೊಟ್ಟೆ ಕುಣಿಯತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ತಂದೆಗೆ ಸಿಕ್ಕಾಗ ಈ ನಾಣ್ಯ ಆಗಲೇ ಕಪ್ಪಾಗಿತ್ತು, ಅಚ್ಚಿನಿಂದ ಆಗಷ್ಟೇ ಬಂದಾಗ ಹೇಗಿತ್ತೆಂದು ಅವರೂ ಕಂಡಿರಲಿಲ್ಲ, ಈ ತಾಯಿ ನನಗೆ ತೋರಿಸಿದರು ಎಂದರು. ಎದ್ದು ಹೋಗಿ ಅನಸೂಯಮ್ಮನ ಎದುರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಅನಸೂಯಮ್ಮ ಕೋಡುಬಳೆ ಡಬ್ಬಿಯನ್ನು ರೋಕ್‌ನಿಂದ ಬಿಡಿಸಿಕೊಂಡು ಅವರ ಮುಂದೆ ಹಿಡಿದರು.

ಶ್ಯಾಮಸುಂದರ ರೋಹಿದಾಸನ ಹತ್ತಿರ ಹೋಗಿ ಕ್ಷಮೆ ಕೇಳಿದ. ರೋಹಿದಾಸ ಆಯಿತು ಬಿಡಿ ಎಂದ. ನಗುತ್ತಲೇ ಹೇಳಿದ, ಆದರೆ ಚಾಚಿದ ಕೈ ಹಿಡಿಯಲು ಸ್ವಲ್ಪ ತಡ ಮಾಡಿದ. ಹೊಸದಾಗಿ ಚಹಾ ಬಂತು. ಪ್ರದರ್ಶನದಲ್ಲಿ ಈ ನಾಣ್ಯದ ಕೆಳಗೆ ವ್ರತದ ಕಥೆಯನ್ನೂ ಬರೆಸುತ್ತೇನೆಂದು ಅಬು ಬದರ್ ಘೋಷಿಸಿದರು. ತಮ್ಮ ಮನೆಯಲ್ಲಿದ್ದ ಉಳಿದ ಸಂಗ್ರಹವನ್ನೂ ಶ್ಯಾಮಸುಂದರನೇ ನೋಡಿಕೊಳ್ಳಬೇಕೆಂದು ಅವನ ಹೆಗಲ ಮೇಲೆ ಕೈ ಹಾಕಿದರು.

ಲಿಜ್ಜಿಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿಯಾಯಿತು. ಒಂದು ಮನೆ ಉಳಿಯಿತು. ಒಬ್ಬ ಕಸುಬುದಾರನ ಹೆಸರು ಉಳಿಯಿತು. ಇನ್ನೇನು ಬೇಕು? ಮನೆಗೆ ಹೋಗಿ ಬಂಗುಡೆ ಹುರಿಯಬೇಕು ಎಂದುಕೊಂಡಳು. ಹೋಗುವ ಮುನ್ನ ಉಳಿದ ನಾಣ್ಯಗಳನ್ನೂ ಒಮ್ಮೆ ಕಣ್ತುಂಬ ನೋಡುವ ಆಸೆಯಾಯಿತು. ಕೆಲಸಕ್ಕಲ್ಲ, ಸುಮ್ಮನೆ. ಧಾರಾಳವಾಗಿ ನೋಡಿ ದೊಕ್ತೂರಾ ಎಂದರು ಅಬು ಬದರ್. ತಾನು ಡಾಕ್ಟರಲ್ಲ ಎಂದು ತಿದ್ದುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು.

ಮೊದಲು ಗೂಳಿಯ ನಾಣ್ಯ. ತಲೆ ತಗ್ಗಿಸಿ, ಮುಂಗಾಲಿನಿಂದ ನೆಲ ಕೆರೆಯುತ್ತಿದ್ದ ಗೂಳಿ, ಬಾಲ ಬೆನ್ನ ಮೇಲೆ ಹೊರಳಿತ್ತು. ಎಷ್ಟು ಚಂದ ಎಂದು ಇನ್ನೂ ಹತ್ತಿರ ತಂದಳು. ಗೂಳಿಯ ಹೊಟ್ಟೆಯ ಕೆಳಗೆ ಸಾಸಿವೆಗಿಂತ ಸಣ್ಣದೊಂದು ಗುಂಡನೆಯ ಉಬ್ಬು ಕಂಡಿತು.

ಅವಳು ಅದನ್ನು ಕೆಳಗಿಟ್ಟು ಪಕ್ಕದ್ದನ್ನು ತೆಗೆದುಕೊಂಡಳು. ಇಬ್ಬರು ರಾಜಕುಮಾರರು ನಿಂತಿದ್ದರು, ನಡುವೆ ನೆಲಕ್ಕೂರಿದ ಎರಡು ಗುರಾಣಿ, ಹಿಂದೆ ಈಟಿಗಳು. ಬಲಗಡೆಯ ಹುಡುಗನ ಮೊಣಕಾಲಿನಿಂದ ಅಂಚಿನ ತನಕ ಒಂದು ಗೀರು. ಅದರ ಪಕ್ಕದ ಗುಳಿಯಲ್ಲೂ ಅದೇ ರಾಜಕುಮಾರರ ಇನ್ನೊಂದು ನಾಣ್ಯ. ಅದರಲ್ಲೂ ಬಲಗಡೆಯ ಹುಡುಗನ ಮೊಣಕಾಲಿನಿಂದ ಅಂಚಿನ ತನಕ ಒಂದು ಗೀರು. ಅಷ್ಟೇ ಉದ್ದ. ಅದೇ ತಿರುವು.

ಲಿಜ್ಜಿ ಎರಡನ್ನೂ ಅಕ್ಕಪಕ್ಕ ಹಿಡಿದು ಇನ್ನೊಮ್ಮೆ ನೋಡಿದಳು.

ಒಂದೊಂದನ್ನೂ ಸುತ್ತಿಗೆಯಿಂದ ಬೇರೆಬೇರೆ ಬಡಿದು ಮಾಡಿದ ನಾಣ್ಯಗಳು. ಎರಡು ಸಾವಿರ ವರ್ಷ ಬೇರೆಬೇರೆ ಕೈ ದಾಟಿ ಬಂದವು. ಎರಡಕ್ಕೂ ಒಂದೇ ಗಾಯ ಆಗುವುದು ಹೇಗೆ? ಒಂದೇ ಅಚ್ಚಿನಲ್ಲಿ ಎರಡು ಸಲ ಹೊಯ್ದರೆ ಮಾತ್ರ. ಕಳ್ಳನಿಗೂ ಸೋಮಾರಿತನ ಇರುತ್ತದೆ, ಎರಡಕ್ಕೆ ಬೇರೆಬೇರೆ ಅಚ್ಚು ತೆಗೆಯಲು ಬೇಸರವಾಗಿದೆ. ಗೂಳಿಯ ಹೊಟ್ಟೆಯಡಿಯ ಉಬ್ಬು ಅಚ್ಚಿನಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆ. ಅವಳ ಲ್ಯಾಬಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಹೊಯ್ದ ಹಲ್ಲಿನ ಮೇಲೆ ವಾರಕ್ಕೊಂದಾದರೂ ಅಂಥದ್ದು ಏಳುತ್ತಿತ್ತು. ಕಪ್ಪು ಬಣ್ಣಕ್ಕೆ ಗಂಧಕದ ನೀರು ಸಾಕು. ಒಂದು ರಾತ್ರಿಯ ಕೆಲಸ.

ಹನ್ನೊಂದನ್ನೂ ನೋಡಿ ಮುಗಿಸಿದಳು. ಹನ್ನೊಂದೂ ಎರಕ.

ಉಳಿದದ್ದು ಅವಳ ತಲೆಯೊಳಗೆ ತಾನಾಗಿಯೇ ಜೋಡಿಸಿಕೊಂಡಿತು. ಅಬು ಬದರ್ ಕೈಗೆತ್ತಿಕೊಂಡು ಸವರುವುದು ಒಂದೇ ನಾಣ್ಯವನ್ನು ಎಂದು ಗೊತ್ತಿದ್ದವನೊಬ್ಬ, ಅದೊಂದನ್ನು ಮಾತ್ರ ಮುಟ್ಟದೆ ಉಳಿದೆಲ್ಲವನ್ನೂ ಬದಲಿಸಿದ್ದ. ಅನಸೂಯಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕದಿದ್ದರೆ ಪೆಟ್ಟಿಗೆಯ ಕಡೆ ಯಾರೂ ಇನ್ನೊಮ್ಮೆ ತಿರುಗಿ ನೋಡುತ್ತಿರಲಿಲ್ಲ.

ಅಬು ಬದರ್ ಅವರ ಕೈ ಇನ್ನೂ ಶ್ಯಾಮಸುಂದರನ ಹೆಗಲ ಮೇಲಿತ್ತು. ಸುಮ್ಮನೆ ಪೆಟ್ಟಿಗೆ ಮುಚ್ಚಿ ಎದ್ದುಬಿಡಲೇ ಎಂದು ಒಂದು ಗಳಿಗೆ ಅವಳ ಮನಸ್ಸು ಹೊಯ್ದಾಡಿತು. ಆದರೆ ಇಂದು ಮುಚ್ಚಿದ್ದು ಪ್ರದರ್ಶನದ ದಿನ ನಾಲ್ಕು ಜನರೆದುರು ಬಯಲಾಗುತ್ತದೆ. ಆಗ ಶ್ಯಾಮಸುಂದರನ ಪರವಾಗಿ ಅವಳು ಏನು ಹೇಳಿದರೂ ಯಾರೂ ನಂಬುವುದಿಲ್ಲ.

“ಅಬು ಬದರ್,” ಎಂದಳು. “ಹೊಳೆಯುವುದು ಅಸಲಿ. ಕಪ್ಪಗಿರುವ ಹನ್ನೊಂದೂ ನಕಲಿ.”

ಅವಳು ಗೂಳಿಯ ಗುಳ್ಳೆ ತೋರಿಸಿದಳು. ರಾಜಕುಮಾರರ ಎರಡು ಗೀರುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದಳು. ಶ್ಯಾಮಸುಂದರ ಸಾಧ್ಯವೇ ಇಲ್ಲ ಎಂದು ತನ್ನ ಫೋನಿನಲ್ಲಿದ್ದ ಫೋಟೋಗಳನ್ನು ತೆರೆದ. ವ್ರತಕ್ಕೆ ಒಂದು ವಾರ ಮುಂಚೆ ತೆಗೆದವು. ಅವುಗಳಲ್ಲಿ ಗೂಳಿಯ ಹೊಟ್ಟೆ ನುಣುಪಾಗಿತ್ತು, ರಾಜಕುಮಾರರ ಎರಡು ನಾಣ್ಯಗಳಲ್ಲಿ ಒಂದಕ್ಕೆ ಮಾತ್ರ ಗೀರಿತ್ತು. ತನ್ನನ್ನು ಉಳಿಸಿಕೊಳ್ಳಲು ತೆಗೆದ ಫೋನೇ ಅವನ ಮನೆಯ ಕಡೆ ಬೆರಳು ಮಾಡಿತು. ಪೆಟ್ಟಿಗೆ ಅವನ ಬೀರುವಿನಲ್ಲಿದ್ದಾಗಲೇ ಕೈಚಳಕ ನಡೆದಿತ್ತು.

ಅಬು ಬದರ್ ಹೆಗಲಿನಿಂದ ಕೈ ತೆಗೆದರು. ಕೂಗಾಡಲಿಲ್ಲ. ತಾಯಿ ಈ ನಾಣ್ಯವನ್ನು ತೆಗೆಯುವಾಗ ಉಳಿದವು ಪೆಟ್ಟಿಗೆಯಲ್ಲಿ ಹೇಗಿದ್ದವು, ಕೇಳಿ ಹೇಳಿ ಎಂದು ಲಿಜ್ಜಿಗೆ ಹೇಳಿದರು.

ಲಿಜ್ಜಿ ಕೇಳಿದಳು. ಅನಸೂಯಮ್ಮ ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಿದ್ದರು.

“ಬಾಕೀದು ಎಲ್ಲಿತ್ತಮ್ಮ ಆಗ? ಗುಳಿ ಎಲ್ಲ ಬರಿದು. ಅಮ್ಮನವರು ಒಬ್ಬರೇ ಕೂತಿದ್ರು. ಮಾರನೇ ದಿನ ವಾಪಸ್ ಇಡೋಕೆ ಹೋದಾಗ ನೋಡಿದ್ರೆ ಎಲ್ಲ ತುಂಬಿತ್ತು. ಶ್ಯಾಮು ತಂದು ಇಟ್ಟಿರಬೇಕು ಅಂದ್ಕೊಂಡೆ.”

ಲಿಜ್ಜಿ ಶ್ಯಾಮಸುಂದರನ ಕಡೆ ನೋಡಿದಳು. ಅವನ ಮುಖದಲ್ಲಿ ಆಶ್ಚರ್ಯ ಮೂಡಿ, ಅಷ್ಟೇ ಬೇಗ ಆರಿಹೋಯಿತು. ಯಾರೆಂದು ಅವನಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು.

“ತಾಯಿ ಏನಂದರು, ದೊಕ್ತೂರಾ?” ಎಂದು ಅಬು ಬದರ್ ಕೇಳಿದರು.

“ಹೇಳ್ಬೇಡಿ, ಮೇಡಂ,” ಎಂದ ಶ್ಯಾಮಸುಂದರ ಕನ್ನಡದಲ್ಲಿ, ನೆಲ ನೋಡುತ್ತ, ಕೇಳಿಯೂ ಕೇಳದಷ್ಟು ಮೆಲ್ಲಗೆ. “ಬೀರು ಕೀಲಿ ಗುರುವಾರ ಒಬ್ಬರ ಕೈಗೆ ಕೊಟ್ಟಿದ್ದೆ. ಅವರ ಹೆಸರು ನನ್ನ ಬಾಯಲ್ಲಿ ಬರಲ್ಲ. ಬೇಕಾದ್ರೆ ನಾನೇ ಜೈಲಿಗೆ ಹೋಗ್ತೀನಿ.”

ಲಿಜ್ಜಿ ಭೂತಗನ್ನಡಿಯನ್ನು ಸೆರಗಿನಿಂದಲ್ಲ, ಟಿಶ್ಯೂ ಕಾಗದದಿಂದ ಒರೆಸತೊಡಗಿದಳು. ಅಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿ ಚಹಾದ ಲೋಟ ಕೆಳಗಿಟ್ಟ ಸದ್ದಾಯಿತು. ಕುಮಟಾದ ರೋಹಿದಾಸನಿಗೆ ಕನ್ನಡ ಎಷ್ಟು ಬರುತ್ತಿತ್ತೋ ಅರಬಿಯೂ ಅಷ್ಟೇ ಬರುತ್ತಿತ್ತು. ಕೇಳಿಸಿಕೊಂಡದ್ದನ್ನು ಹೇಳಲು ಅವನು ಎದ್ದು ನಿಂತು ಅಬು ಬದರ್ ಅವರ ಕಡೆ ತಿರುಗಿದ.